ಮೊಡವೆ ಗುಳಿಗೆ, ಮುಟ್ಟಿನ ಲೆಕ್ಕ

ಓದುಗರ ಪ್ರಶ್ನೆ, ತಜ್ಞರ ಉತ್ತರ
(ಉತ್ತರ: ಚರ್ಮರೋಗ ಮತ್ತು ಸ್ತ್ರೀರೋಗ ವೈದ್ಯರು)

ಮೊಡವೆಗೆ ಗುಳಿಗೆ ಬರೆಯುವವರು ಚರ್ಮದ ಡಾಕ್ಟರು. ವಂಕಿ (ಅಂದರೆ ಕಾಪರ್-ಟಿ), ಮಾಲಾ-ಎನ್ ಗರ್ಭನಿರೋಧಕ ಗುಳಿಗೆ ಕೊಡುವವರು ಹೆರಿಗೆ ಡಾಕ್ಟರು ಅಥವಾ ಆಶಾ ಕಾರ್ಯಕರ್ತೆ. ಎರಡೂ ಚೀಟಿ ಒಂದೇ ವ್ಯಾನಿಟಿ ಬ್ಯಾಗಿನಲ್ಲಿದ್ದರೂ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿರುವುದಿಲ್ಲ. ಈ ಸಲ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಬಂದ ಪತ್ರಗಳೆಲ್ಲ ಇದೇ ಸಂದಿಯಲ್ಲಿ ಸಿಕ್ಕಿಕೊಂಡವು. ಆದ್ದರಿಂದ ಇಬ್ಬರೂ ಕೂತು ಒಟ್ಟಿಗೇ ಉತ್ತರ ಬರೆದಿದ್ದೇವೆ.

ಪ್ರಶ್ನೆ: ನನಗೆ 25 ವರ್ಷ, ತೂಕ 50 ಕೆ.ಜಿ. ಮದುವೆಯಾಗಿ ಏಳು ತಿಂಗಳು. ಕೆನ್ನೆ, ಗದ್ದದ ತುಂಬ ಗಂಟುಗಂಟು ಮೊಡವೆ. ಡಾಕ್ಟರು ಐಸೊಟ್ರೆಟಿನೊಯಿನ್ 20 ಮಿ.ಗ್ರಾಂ. ಬರೆದು, "ಮಗು ಆಗಬಾರದು ನೋಡಮ್ಮ" ಎಂದರು. ಎಷ್ಟು ದಿನ ಆಗಬಾರದು, ಅದಕ್ಕೆ ಏನು ಮಾಡಬೇಕು ಎಂದು ಕೇಳಲು ಸಂಕೋಚವಾಯಿತು. ಕ್ಯಾಪ್ಸೂಲ್ ತಂದಿದ್ದೇನೆ, ಇನ್ನೂ ಶುರು ಮಾಡಿಲ್ಲ. ಮನೆಯಲ್ಲಿ ಅತ್ತೆ "ಏನೂ ವಿಶೇಷ ಇಲ್ವಾ?" ಎಂದು ಕೇಳುತ್ತಲೇ ಇದ್ದಾರೆ.
— ಹೆಸರು ಬೇಡ, ವಿದ್ಯಾನಗರ, ದಾವಣಗೆರೆ

ಉತ್ತರ: ಶುರು ಮಾಡದೇ ಇದ್ದದ್ದು ಒಳ್ಳೆಯದಾಯಿತು. ಮೊದಲು ದಿನದ ಲೆಕ್ಕ ಹಾಕೋಣ. ಗಂಟು ಮೊಡವೆ ಮರುಕಳಿಸದಂತೆ ವಾಸಿಯಾಗಲು ಈ ಔಷಧಿ ಒಟ್ಟು ಸೇರಿ ಪ್ರತಿ ಕೆ.ಜಿ. ತೂಕಕ್ಕೆ 120ರಿಂದ 150 ಮಿ.ಗ್ರಾಂ. ಒಳಗೆ ಹೋಗಬೇಕು ಎಂಬುದು ರೂಢಿಯ ಗುರಿ. 50 ಕೆ.ಜಿ.ಗೆ ಅದು 6,000ದಿಂದ 7,500 ಮಿ.ಗ್ರಾಂ. ದಿನಕ್ಕೆ 20ರಂತೆ 300ರಿಂದ 375 ದಿನ ಬೇಕು, 30ರಂತೆ 200ರಿಂದ 250 ದಿನ ಸಾಕು. ಇದರ ಹಿಂದೆ ಒಂದು ತಿಂಗಳು, ಮುಂದೆ ಒಂದು ತಿಂಗಳು ಸೇರಿಸಿ. ಈ ಔಷಧಿ ತುಟಿ ಒಣಗಿಸುತ್ತದೆ; ಕಡಿಮೆ ಡೋಸು ತುಟಿಗೆ ಹಿತ, ಆದರೆ ಬಸಿರು ತಡೆಯಬೇಕಾದ ಕಾಲ ಹೆಚ್ಚುತ್ತದೆ. ಆದ್ದರಿಂದ ಗಂಡ-ಹೆಂಡತಿ ಇಬ್ಬರೂ ಮೊದಲು ತೀರ್ಮಾನಿಸಬೇಕಾದದ್ದು ಮೊಡವೆ ಮೊದಲೋ, ಮಗು ಮೊದಲೋ ಎಂಬುದನ್ನು. ಮಗು ಮೊದಲು ಎಂದಾದರೆ ಈ ಸ್ಟ್ರಿಪ್ ವಾಪಸ್ ಕೊಟ್ಟು ಬೇರೆ ಚಿಕಿತ್ಸೆ ಕೇಳಿ. ಮೊಡವೆ ಮೊದಲು ಎಂದಾದರೆ ಅತ್ತೆಗೆ ಹೇಳುವ ಮಾತು ಗಂಡನ ಬಾಯಿಂದ ಬರಲಿ. "ಔಷಧಿ ನಡೀತಿದೆ, ಡಾಕ್ಟರು ಒಂದು ವರ್ಷ ಬೇಡ ಅಂದಿದ್ದಾರೆ" ಎಂದರೆ ಅದು ಸುಳ್ಳೂ ಅಲ್ಲ. ಮುಂದೆ ಮಕ್ಕಳಾಗುವ ಶಕ್ತಿಯನ್ನು ಈ ಔಷಧಿ ಕುಂದಿಸುವುದಿಲ್ಲ.

ಇಷ್ಟು ಬಿಗಿ ಏಕೆಂದರೆ, ಐಸೊಟ್ರೆಟಿನೊಯಿನ್ ಎ ಜೀವಸತ್ವದ ಕುಲದ್ದು. ಬಸಿರಿನ ಮೊದಲ ವಾರಗಳಲ್ಲಿ ಯಾವ ಅಂಗ ಎಲ್ಲಿ ಮೂಡಬೇಕು ಎಂದು ಜೀವಕೋಶಗಳಿಗೆ ಸೂಚನೆ ಕೊಡುವುದೂ ಇದೇ ಕುಲದ ರಾಸಾಯನಿಕ. ಹೊರಗಿನಿಂದ ಅತಿಯಾಗಿ ಬಂದರೆ ಸೂಚನೆಯೇ ಕಲಸಿಹೋಗಿ ಕಿವಿ, ಮುಖ, ಹೃದಯ, ಮೆದುಳು ಕೆಡುತ್ತವೆ. ಔಷಧಿ ಸೋಕಿಯೂ ಹುಟ್ಟಿದ ಮಕ್ಕಳಲ್ಲಿ ಸುಮಾರು ಶೇ. 20ರಿಂದ 35ರಷ್ಟು ಮಕ್ಕಳಿಗೆ ದೊಡ್ಡ ಊನ ಕಂಡುಬಂದಿದೆ. ಗರ್ಭಪಾತದ ಸಂಭವವೂ ಹೆಚ್ಚು. "ಒಂದೇ ಕ್ಯಾಪ್ಸೂಲ್, ಏನೂ ಆಗಲ್ಲ" ಎನ್ನಬಹುದಾದ ಸುರಕ್ಷಿತ ಪ್ರಮಾಣ ಯಾವುದೂ ಇಲ್ಲ. 1982ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಔಷಧಿ ಇದು. 2006ರಿಂದ ಅಲ್ಲಿ ಹೆಸರು ನೋಂದಾಯಿಸಿ ಬಸಿರು ಪರೀಕ್ಷೆ ತೋರಿಸದೆ ಕೊಡುವುದಿಲ್ಲ. ನಮ್ಮಲ್ಲಿ ಆ ಕಾವಲು ಇಲ್ಲದ್ದರಿಂದ ನಿಮ್ಮ ಕ್ಯಾಲೆಂಡರೇ ಕಾವಲು.

ಆ ಕ್ಯಾಲೆಂಡರಿನಲ್ಲಿ ಹೀಗೆ ಗುರುತು ಹಾಕಿ. ಇವತ್ತು ಒಂದು ಬಸಿರು ಪರೀಕ್ಷೆ. ಮುಂದಿನ ಮುಟ್ಟಿನಿಂದ ಗರ್ಭನಿರೋಧಕ ಶುರು. ಒಂದು ತಿಂಗಳು ತಪ್ಪದೆ ನಡೆದ ಮೇಲೆ ಇನ್ನೊಂದು ಪರೀಕ್ಷೆ. ಅದರಲ್ಲಿ ಇಲ್ಲವೆಂದು ಬಂದು, ಮುಟ್ಟೂ ಆದ ಮೇಲೆ, ಎರಡನೇ ಅಥವಾ ಮೂರನೇ ದಿನ ಮೊದಲ ಕ್ಯಾಪ್ಸೂಲ್. ಆಮೇಲೆ ಪ್ರತಿ ತಿಂಗಳು ಒಂದು ಪರೀಕ್ಷೆ, ಕೊನೆಯ ಕ್ಯಾಪ್ಸೂಲ್ ನುಂಗಿ ಒಂದು ತಿಂಗಳಾದ ಮೇಲೆ ಕೊನೆಯದು. ಆಶಾ ಕಾರ್ಯಕರ್ತೆಯರ ಬಳಿ ಸಿಗುವ ನಿಶ್ಚಯ ಕಿಟ್ ಸಾಕು. ಬೆಳಗಿನ ಮೊದಲ ಮೂತ್ರ, ಜೊತೆಗೆ ಕೊಟ್ಟ ಡ್ರಾಪರಿನಿಂದ ಎರಡು-ಮೂರು ಹನಿ, 5 ನಿಮಿಷಕ್ಕೆ ನೋಡಿ. ಅರ್ಧ ಗಂಟೆ ಬಿಟ್ಟು ಕಾಣುವ ಮಸುಕು ಗೆರೆಯನ್ನು ನಂಬಬೇಡಿ.

ಗರ್ಭನಿರೋಧಕ ಒಂದಲ್ಲ, ಎರಡು ಬೇಕು: ಗಟ್ಟಿಯಾದ ಒಂದು, ಅದರ ಜೊತೆಗೆ ನಿರೋಧ್. ಕಾಂಡೋಮ್ ಒಂದನ್ನೇ ನಂಬಿದ ನೂರು ಜನರಲ್ಲಿ ವರ್ಷಕ್ಕೆ ಸುಮಾರು 13 ಮಂದಿ ಬಸಿರಾಗುತ್ತಾರೆ. ಗುಳಿಗೆಯಲ್ಲಿ, ಆಗೀಗ ಮರೆಯುವುದೂ ಸೇರಿ, ಸುಮಾರು 7. ಅಂತರಾ ಚುಚ್ಚುಮದ್ದಿನಲ್ಲಿ 4. ವಂಕಿಯಲ್ಲಿ ಒಂದಕ್ಕೂ ಕಡಿಮೆ. ನಮ್ಮ ಮೊದಲ ಆಯ್ಕೆ ವಂಕಿಯೇ. ಅದರಲ್ಲಿ ನೆನಪಿಡುವ ಕೆಲಸವಿಲ್ಲ, ಹಾರ್ಮೋನೂ ಇಲ್ಲ, ಮಗು ಬೇಕೆಂದಾಗ ತೆಗೆಸಿದರೆ ಆಯಿತು. ಮಕ್ಕಳಾಗದವರಿಗೆ ಹಾಕುವುದಿಲ್ಲ ಎಂಬ ಮಾತು ಹಳೆಯದಾಯಿತು. 375 ಮಾದರಿ 5 ವರ್ಷ, 380ಎ ಮಾದರಿ 10 ವರ್ಷ ಬಾಳುತ್ತದೆ. ಮೊದಲ ಮೂರು ತಿಂಗಳು ಹೊಟ್ಟೆನೋವು, ಹೆಚ್ಚು ಸ್ರಾವ ಇರಬಹುದು. ರಕ್ತ ಕಡಿಮೆ ಇದ್ದರೆ ಮೊದಲು ಹಿಮೋಗ್ಲೋಬಿನ್ ನೋಡಿಸಿ.

ವಂಕಿ ಬೇಡವಾದರೆ ಎರಡು ಹಾರ್ಮೋನು ಸೇರಿದ ಗುಳಿಗೆ. ಅದು ಮೊಡವೆಯನ್ನೂ ಸ್ವಲ್ಪ ಇಳಿಸುತ್ತದೆ. ಆದರೆ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನು ಐಸೊಟ್ರೆಟಿನೊಯಿನ್ ಏರಿಸುತ್ತದೆ, ಗುಳಿಗೆಯಲ್ಲಿರುವ ಈಸ್ಟ್ರೋಜನ್ ಕೂಡ ಏರಿಸುತ್ತದೆ. ಆದ್ದರಿಂದ ಶುರುವಿಗೆ ಮುನ್ನ ಒಮ್ಮೆ, ಒಂದೆರಡು ತಿಂಗಳಿಗೆ ಮತ್ತೊಮ್ಮೆ ಲಿವರ್ ಮತ್ತು ಕೊಬ್ಬಿನ ಪರೀಕ್ಷೆ ಬಿಡಬೇಡಿ. ಅಂತರಾ ಮೂರು ತಿಂಗಳಿಗೊಂದು ಚುಚ್ಚುಮದ್ದು. ಬಸಿರು ತಡೆಯುವುದರಲ್ಲಿ ಗಟ್ಟಿ, ಆದರೆ ಕೆಲವರಿಗೆ ಮೊಡವೆ ಹೆಚ್ಚುತ್ತದೆ, ಬಿಟ್ಟ ಮೇಲೆ ಮಗು ನಿಲ್ಲಲು ಏಳೆಂಟು ತಿಂಗಳು ತಡವಾಗಬಹುದು. ನಿಮ್ಮ ಮನೆಯ ಪರಿಸ್ಥಿತಿಗೆ ಅದು ಹೊಂದದು. ಛಾಯಾ ಗುಳಿಗೆಯಲ್ಲಿ ಹಾರ್ಮೋನಿಲ್ಲ, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಬೇರೆಯವರಿಗೆ ಒಳ್ಳೆಯದೇ. ಆದರೆ ಅದರಲ್ಲಿ ಮುಟ್ಟು ತಡವಾಗುವುದು ಸಾಮಾನ್ಯ. ಐಸೊಟ್ರೆಟಿನೊಯಿನ್ ನುಂಗುವವರು ಮುಟ್ಟಿನ ದಿನ ಎಣಿಸುತ್ತ ಕೂತಿರುವಾಗ ಆ ಆತಂಕ ಬೇಡ.

ಕ್ಯಾಪ್ಸೂಲನ್ನು ಊಟದ ಜೊತೆಗೇ ನುಂಗಿ. ಕೊಬ್ಬಿನಲ್ಲಿ ಕರಗುವ ಔಷಧಿ ಇದು, ಬರಿಹೊಟ್ಟೆಯಲ್ಲಿ ಸುಮಾರು ಅರ್ಧದಷ್ಟೇ ಒಳಗೆ ಹೋಗುತ್ತದೆ. ದಾವಣಗೆರೆಯವರಿಗೆ ಇದನ್ನು ಹೇಳುವಾಗ ಬೆಣ್ಣೆದೋಸೆಯ ನೆನಪಾಗದೆ ಇರದು. ವಾರಕ್ಕೊಮ್ಮೆ ಆಗಬಹುದು. ದಿನಾ ತಿಂದರೆ ಟ್ರೈಗ್ಲಿಸರೈಡ್ ರಿಪೋರ್ಟು ಅದನ್ನು ಹೇಳಿಯೇ ಹೇಳುತ್ತದೆ.

ಪ್ರಶ್ನೆ: ಎರಡು ವರ್ಷದಿಂದ ಮಾಲಾ-ಎನ್ ನುಂಗುತ್ತಿದ್ದೇನೆ. ಈಗ ಮೊಡವೆಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ಮೂರು ತಿಂಗಳು ಬರೆದಿದ್ದಾರೆ. ಆಂಟಿಬಯೋಟಿಕ್ ತೆಗೆದುಕೊಂಡರೆ ಮಾಲಾ-ಎನ್ ಕೆಲಸ ಮಾಡುವುದಿಲ್ಲ ಎಂದು ಮೆಡಿಕಲ್ ಶಾಪಿನಲ್ಲಿ ಹೇಳಿದರು. ನಿಜವೇ?
— ಎಸ್., ಚಳ್ಳಕೆರೆ

ಉತ್ತರ: ಈ ಆಂಟಿಬಯೋಟಿಕ್ ವಿಷಯದಲ್ಲಿ ನಿಜವಲ್ಲ. ಗುಳಿಗೆಯ ಹಾರ್ಮೋನನ್ನು ಲಿವರಿನಲ್ಲಿ ಬೇಗ ಕರಗಿಸಿಬಿಡುವುದು ರಿಫಾಂಪಿಸಿನ್, ಅಂದರೆ ಕ್ಷಯಕ್ಕೆ ಕೊಡುವ ಔಷಧಿ. ಮೂರ್ಛೆರೋಗದ ಕೆಲವು ಮಾತ್ರೆಗಳೂ ಹಾಗೆಯೇ: ಫೆನಿಟಾಯಿನ್, ಕಾರ್ಬಮಜೆಪಿನ್. ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್, ಅಜಿಥ್ರೊಮೈಸಿನ್ ಆ ಸಾಲಿನವಲ್ಲ.

ತೊಂದರೆ ಬರುವುದು ಬೇರೆ ದಾರಿಯಿಂದ. ಡಾಕ್ಸಿಸೈಕ್ಲಿನ್ ಹೊಟ್ಟೆ ತೊಳಸುತ್ತದೆ. ಮಾಲಾ-ಎನ್ ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬಿಳಿ ಗುಳಿಗೆ ನುಂಗಬೇಕು. ಭೇದಿ ಒಂದು ದಿನ ದಾಟಿದರೆ ಆ ದಿನಗಳನ್ನೆಲ್ಲ ಗುಳಿಗೆ ಮರೆತ ದಿನಗಳೆಂದೇ ಎಣಿಸಿ. ಡಾಕ್ಸಿಯನ್ನು ಬೆಳಗಿನ ತಿಂಡಿಯಾದ ಮೇಲೆ ತುಂಬಿದ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣಾಗುತ್ತದೆ. ಚಳ್ಳಕೆರೆ ಬಿಸಿಲಿಗೆ ಮುಖ ಬೇಗ ಸುಡುತ್ತದೆ, ಸನ್‌ಸ್ಕ್ರೀನ್ ಜೊತೆ ಸೆರಗೂ ಇರಲಿ.

ನಿಮಗೆ ಯಾರೂ ಹೇಳಿರದ ಇನ್ನೊಂದು ಮಾತು. ಮಾಲಾ-ಎನ್ ಪೊಟ್ಟಣದ 28ರಲ್ಲಿ 21 ಬಿಳಿ ಗುಳಿಗೆಗಳು ಮಾತ್ರ ಹಾರ್ಮೋನು, ಉಳಿದ 7 ಕಂದು ಗುಳಿಗೆಗಳು ಕಬ್ಬಿಣಾಂಶ. ಕಬ್ಬಿಣ ಡಾಕ್ಸಿಸೈಕ್ಲಿನನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಎರಡನ್ನೂ ಒಟ್ಟಿಗೆ ನುಂಗುವವರಿಗೆ ತಿಂಗಳಲ್ಲಿ ಒಂದು ವಾರ ಮೊಡವೆ ಔಷಧಿ ಅರೆಬರೆ ಕೆಲಸ ಮಾಡುತ್ತದೆ, ಕಾರಣ ಗೊತ್ತಾಗುವುದಿಲ್ಲ. ಡಾಕ್ಸಿ ಬೆಳಿಗ್ಗೆ, ಮಾಲಾ-ಎನ್ ರಾತ್ರಿ ಊಟದ ನಂತರ ಎಂದು ದೂರ ಇಟ್ಟುಕೊಳ್ಳಿ. ಹಾಲು ಕೂಡ ಡಾಕ್ಸಿಯಿಂದ ಎರಡು ಗಂಟೆ ದೂರವಿರಲಿ.

ಮರೆತರೆ ಏನು ಮಾಡಬೇಕೆಂದು ಪೊಟ್ಟಣದ ಹಿಂದೆ ಬರೆದಿಟ್ಟುಕೊಳ್ಳಿ. ಒಂದು ಬಿಳಿ ಗುಳಿಗೆ ಮರೆತಿದ್ದರೆ ನೆನಪಾದ ಕೂಡಲೇ ನುಂಗಿ, ಅವತ್ತಿನದನ್ನೂ ಅವತ್ತೇ ನುಂಗಿ; ಭಯವಿಲ್ಲ. ಎರಡು ಅಥವಾ ಹೆಚ್ಚು ಮರೆತಿದ್ದರೆ ಒಂದನ್ನು ಕೂಡಲೇ ನುಂಗಿ ಮುಂದುವರಿಸಿ, ಏಳು ದಿನ ನಿರೋಧ್ ಬೇಕೇ ಬೇಕು. ಇದು ಮೂರನೇ ವಾರದಲ್ಲಾದರೆ ಕಂದು ಗುಳಿಗೆ ಬಿಟ್ಟು ನೇರ ಹೊಸ ಪೊಟ್ಟಣಕ್ಕೆ ಹೋಗಿ. ಮೊದಲ ವಾರದಲ್ಲಾಗಿ ಗಂಡನ ಜೊತೆ ಸೇರಿದ್ದರೆ ತುರ್ತು ಗುಳಿಗೆಯೂ ಬೇಕಾಗಬಹುದು. ಕಂದು ಗುಳಿಗೆ ಮರೆತರೆ ಏನೂ ಆಗುವುದಿಲ್ಲ.

ಡಾಕ್ಸಿ ನಡೆಯುವಾಗ ಬಸಿರಾದರೆ ಕೂಡಲೇ ನಿಲ್ಲಿಸಬೇಕು. ನಾಲ್ಕನೇ ತಿಂಗಳ ನಂತರ ಮಗುವಿನ ಹಲ್ಲಿನ ಬಣ್ಣ ಕೆಡಿಸುವ ಔಷಧಿ ಅದು. ಆದರೆ ಐಸೊಟ್ರೆಟಿನೊಯಿನಿನಷ್ಟು ಭಯಂಕರವಲ್ಲ. ಹಾಗೆಂದು ಎರಡನ್ನೂ ಒಟ್ಟಿಗೆ ಯಾರಾದರೂ ಬರೆದರೆ ಮತ್ತೆ ಕೇಳಿ: ಆ ಜೋಡಿ ತಲೆಬುರುಡೆಯೊಳಗಿನ ಒತ್ತಡ ಏರಿಸಿ ತೀವ್ರ ತಲೆನೋವು, ಕಣ್ಣು ಮಂಜು ತರಬಲ್ಲದು.

ಪ್ರಶ್ನೆ: ಮಗಳಿಗೆ 20 ವರ್ಷ, ಓದುತ್ತಿದ್ದಾಳೆ. ಪಿಸಿಒಡಿ (ಅಂಡಾಶಯದ ಹಾರ್ಮೋನು ಏರುಪೇರು) ಎಂದು ಹೇಳಿ ಮೊಡವೆಗೆ ಸ್ಪಿರೊನೊಲ್ಯಾಕ್ಟೋನ್ 50 ಮಿ.ಗ್ರಾಂ. ಮತ್ತು ಗರ್ಭನಿರೋಧಕ ಗುಳಿಗೆ ಬರೆದಿದ್ದಾರೆ. ಮದುವೆಯಾಗದ ಹುಡುಗಿಗೆ ಇದನ್ನು ಯಾಕೆ ಕೊಡುತ್ತಾರೆ? ಮುಂದೆ ಮಕ್ಕಳಾಗದಿದ್ದರೆ? ನೆಂಟರು ನೋಡಿದರೆ ಏನೆಂದಾರು?
— ಒಬ್ಬ ತಾಯಿ, ಹಿರಿಯೂರು

ಉತ್ತರ: ಅಮ್ಮಾ, ಇಲ್ಲಿ ಅದನ್ನು ಕೊಟ್ಟಿರುವುದು ಮೊಡವೆ ಮತ್ತು ಮುಟ್ಟಿನ ಔಷಧಿಯಾಗಿ. ಪಿಸಿಒಡಿಯಲ್ಲಿ ಗಂಡು ಹಾರ್ಮೋನಿನ ಪ್ರಭಾವ ಹೆಚ್ಚಿ ಚರ್ಮದ ಎಣ್ಣೆಗ್ರಂಥಿ ಕೆರಳುತ್ತದೆ. ಗುಳಿಗೆ ಆ ಹಾರ್ಮೋನನ್ನು ತಗ್ಗಿಸುತ್ತದೆ, ಸ್ಪಿರೊನೊಲ್ಯಾಕ್ಟೋನ್ ಅದು ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಒಂಟಿಯಾಗಿ ಕೊಟ್ಟರೆ ಸ್ಪಿರೊನೊಲ್ಯಾಕ್ಟೋನ್ ಮುಟ್ಟನ್ನು ಏರುಪೇರು ಮಾಡುತ್ತದೆ. ಅದನ್ನು ಸರಿದೂಗಿಸುವುದೂ ಈ ಗುಳಿಗೆಯೇ. ಮಕ್ಕಳಾಗುವುದಿಲ್ಲ ಎಂಬ ಭಯ ಬಿಡಿ. ಬಿಟ್ಟ ಮೇಲೆ ಅಂಡಾಣು ಬಿಡುಗಡೆ ಮರಳಿ ಬರುತ್ತದೆ. ನೆಂಟರಿಗೆ ಪೊಟ್ಟಣ ತೋರಿಸುವ ಅಗತ್ಯವೇ ಇಲ್ಲವಲ್ಲ.

ನೀವು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಮಗಳಿಗೆ ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಕಂಡು ಆಮೇಲೆ ಬರುವ ಅರೆತಲೆನೋವಿದೆಯೇ? ಬಿ.ಪಿ. ಇದೆಯೇ? ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿದ್ದಾರೆಯೇ? ಯಾವುದಾದರೂ ಹೌದಾದರೆ ಮೊದಲೇ ಡಾಕ್ಟರಿಗೆ ಹೇಳಿ, ಗುಳಿಗೆ ಬದಲಾಗಬಹುದು. ಸೈಪ್ರೊಟೆರೋನ್ ಅಥವಾ ಡ್ರೊಸ್ಪಿರಿನೋನ್ ಇರುವ ಗುಳಿಗೆಗಳಲ್ಲಿ ಹೆಪ್ಪಿನ ಅಪಾಯ ಮಾಲಾ-ಎನ್‌ಗಿಂತ ಸ್ವಲ್ಪ ಹೆಚ್ಚು. ಒಂದೇ ಕಾಲು ಊದಿ ನೋವಾದರೆ, ಎದೆ ಹಿಡಿದಂತಾಗಿ ಉಸಿರು ಕಟ್ಟಿದರೆ ಅದೇ ದಿನ ಆಸ್ಪತ್ರೆ.

ಸ್ಪಿರೊನೊಲ್ಯಾಕ್ಟೋನ್ ಮೈಯಲ್ಲಿ ಪೊಟ್ಯಾಶಿಯಂ ಉಳಿಸುತ್ತದೆ, ಡ್ರೊಸ್ಪಿರಿನೋನ್ ಕೂಡ ಸ್ವಲ್ಪ ಉಳಿಸುತ್ತದೆ. ಆರೋಗ್ಯವಂತ ಹುಡುಗಿಗೆ ದಿನಕ್ಕೊಂದು ಎಳನೀರು ತೊಂದರೆ ಕೊಡದು. ಆದರೆ ಮೂತ್ರಪಿಂಡದ ತೊಂದರೆ ಇದ್ದರೆ ರಕ್ತಪರೀಕ್ಷೆ ಮಾಡಿಸದೆ ಶುರು ಮಾಡಬೇಡಿ. ಫಲ ಕಾಣಲು ಮೂರು ತಿಂಗಳು ಬೇಕು, ಒಂದು ತಿಂಗಳಿಗೇ "ಉಪಯೋಗವಿಲ್ಲ" ಎಂದು ಬಿಡಬೇಡಿ. ಮದುವೆ ನಿಶ್ಚಯವಾದರೆ ಡಾಕ್ಟರಿಗೆ ತಿಳಿಸಿ. ಹೊಟ್ಟೆಯಲ್ಲಿರುವ ಗಂಡು ಮಗುವಿನ ಜನನಾಂಗ ಬೆಳೆಯಲು ಬೇಕಾದ ಹಾರ್ಮೋನನ್ನೂ ಸ್ಪಿರೊನೊಲ್ಯಾಕ್ಟೋನ್ ತಡೆಯಬಲ್ಲದು, ಹಾಗಾಗಿ ಮಗುವಿಗೆ ಪ್ರಯತ್ನಿಸುವ ಒಂದು ತಿಂಗಳು ಮೊದಲೇ ಅದನ್ನು ನಿಲ್ಲಿಸಬೇಕು.

ಪ್ರಶ್ನೆ: ಮೊಡವೆ ಇರುವುದು ನನಗೆ, ಐಸೊಟ್ರೆಟಿನೊಯಿನ್ ನುಂಗುತ್ತಿರುವುದೂ ನಾನೇ. ನಾನು ಗಂಡಸು. ಹೆಂಡತಿ ಬಸಿರಾದರೆ ಮಗುವಿಗೆ ತೊಂದರೆಯೇ?
— ಎಂ., ಹೊಸದುರ್ಗ

ಉತ್ತರ: ಇಲ್ಲ. ವೀರ್ಯದಲ್ಲಿ ಹೋಗುವ ಔಷಧಿ ಮಗುವಿಗೆ ಹಾನಿ ಮಾಡುವಷ್ಟಿರುವುದಿಲ್ಲ. ಆದರೆ ನಿಮ್ಮ ಕ್ಯಾಪ್ಸೂಲ್ ಹೆಂಡತಿಯ ಕೈಗೆ ಹೋಗಬಾರದು. ರಕ್ತದಾನವನ್ನೂ ಔಷಧಿ ನಡೆಯುವಾಗ ಮತ್ತು ಬಿಟ್ಟ ಒಂದು ತಿಂಗಳು ಮಾಡಬೇಡಿ. ಆ ರಕ್ತ ಬಸುರಿಗೆ ಏರಿದರೆ ಎಂಬುದು ಕಾರಣ.

ಪ್ರಶ್ನೆ: ಐಸೊಟ್ರೆಟಿನೊಯಿನ್ ಮೂರನೇ ತಿಂಗಳು ನಡೆಯುತ್ತಿದೆ. ಬರೀ ಕಾಂಡೋಮ್ ಬಳಸುತ್ತಿದ್ದೆವು. ನಿನ್ನೆ ರಾತ್ರಿ ಹರಿಯಿತು. ತುಂಬ ಹೆದರಿಕೆಯಾಗಿದೆ.
— ಹೆಸರು, ಊರು ಬೇಡ (ಚಿತ್ರದುರ್ಗ ಜಿಲ್ಲೆ)

ಉತ್ತರ: ಈ ಪತ್ರಕ್ಕೆ ಕೂಡಲೇ ಬೇರೆಯಾಗಿ ಉತ್ತರ ಕಳಿಸಿದ್ದೇವೆ. ಬೇರೆಯವರಿಗೂ ಬೇಕಾಗುತ್ತದೆಂದು ಇಲ್ಲಿ ಕೊಡುತ್ತಿದ್ದೇವೆ. ಲೆವೊನೊರ್ಜೆಸ್ಟ್ರೆಲ್ 1.5 ಮಿ.ಗ್ರಾಂ. ತುರ್ತು ಗುಳಿಗೆ ಒಂದನ್ನು 72 ಗಂಟೆಯೊಳಗೆ ನುಂಗಬೇಕು. ಎಷ್ಟು ಬೇಗ ನುಂಗಿದರೆ ಅಷ್ಟು ಫಲ. ತೂಕ 70 ಕೆ.ಜಿ. ದಾಟಿದವರಲ್ಲಿ ಇದರ ಬಲ ಕಡಿಮೆ. ಇದಕ್ಕಿಂತ ಗಟ್ಟಿ ಉಪಾಯ ಐದು ದಿನದೊಳಗೆ ವಂಕಿ ಹಾಕಿಸಿಕೊಳ್ಳುವುದು. ಅದು ಈ ಸಲವನ್ನೂ ತಡೆಯುತ್ತದೆ, ಮುಂದಕ್ಕೂ ಉಳಿಯುತ್ತದೆ. ಐಸೊಟ್ರೆಟಿನೊಯಿನ್ ನಡೆಯುತ್ತಿರುವವರಿಗೆ ನಾವು ಹೇಳುವುದು ಇದನ್ನೇ.

ಕ್ಯಾಪ್ಸೂಲನ್ನು ಇವತ್ತೇ ತಡೆಹಿಡಿದು ಚರ್ಮದ ಡಾಕ್ಟರಿಗೆ ಫೋನು ಮಾಡಿ. ಈ ಚಿಕಿತ್ಸೆಯಲ್ಲಿ ಲೆಕ್ಕಕ್ಕೆ ಬರುವುದು ಒಟ್ಟು ಪ್ರಮಾಣ, ಮೂರು ವಾರ ಬಿಟ್ಟರೆ ನಷ್ಟವಿಲ್ಲ. ಮೂರು ವಾರ ಕಳೆದ ಮೇಲೆ ಪರೀಕ್ಷೆ ಮಾಡಿ. ತುರ್ತು ಗುಳಿಗೆಯಿಂದ ಮುಟ್ಟು ಒಂದು ವಾರ ಹಿಂದೆಮುಂದೆ ಆಗಬಹುದು, ಅದಕ್ಕೂ ಹೆಚ್ಚು ತಡವಾದರೆ ಕಾಯಬೇಡಿ.

ಪರೀಕ್ಷೆಯಲ್ಲಿ ಬಸಿರೆಂದು ಬಂದರೆ ನೇರ ಹೆರಿಗೆ ಡಾಕ್ಟರ ಬಳಿ ಹೋಗಿ, ಯಾವ ದಿನಾಂಕದವರೆಗೆ ಎಷ್ಟು ಮಿ.ಗ್ರಾಂ. ನುಂಗಿದಿರಿ ಎಂದು ಬರೆದುಕೊಂಡು ಹೋಗಿ. ಎಲ್ಲ ಮಕ್ಕಳೂ ಊನವಾಗುವುದಿಲ್ಲ, ಆದರೆ ಸ್ಕ್ಯಾನಿಂಗಿನಲ್ಲಿ ಎಲ್ಲ ಊನವೂ ಕಾಣುವುದಿಲ್ಲ, ಬುದ್ಧಿಯ ಬೆಳವಣಿಗೆಯಂತೂ ಕಾಣದು. ಉಳಿಸಿಕೊಳ್ಳುವುದೋ ಬೇಡವೋ ಎಂಬುದು ನಿಮ್ಮ ತೀರ್ಮಾನ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, ಅದರ 2021ರ ತಿದ್ದುಪಡಿಯ ಪ್ರಕಾರ ಗರ್ಭನಿರೋಧಕ ವಿಫಲವಾದ ಬಸಿರನ್ನು 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ತೆಗೆಸಬಹುದು. ವಯಸ್ಕ ಹೆಣ್ಣಿನ ಒಪ್ಪಿಗೆ ಸಾಕು, ಗಂಡನ ಸಹಿ ಬೇಡ, ಹೆಸರು ಗುಟ್ಟಾಗಿಡುವುದು ಕಾನೂನು. ಮೆಡಿಕಲ್ ಶಾಪಿನಿಂದ ಗರ್ಭಪಾತದ ಗುಳಿಗೆ ಕಿಟ್ ತಂದು ಮನೆಯಲ್ಲೇ ನುಂಗುವ ಸಾಹಸ ಮಾತ್ರ ಬೇಡ. ಗರ್ಭಕೋಶದ ಬದಲು ಗರ್ಭನಾಳದಲ್ಲಿ ನಿಂತ ಬಸಿರಾಗಿದ್ದರೆ ಅದು ಪ್ರಾಣಕ್ಕೇ ಬರುತ್ತದೆ.

ಹರಿದದ್ದೇಕೆ ಎಂದೂ ನೋಡಿ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ವ್ಯಾಸಲಿನ್ ಯಾವುದು ತಾಗಿದರೂ ಲ್ಯಾಟೆಕ್ಸ್ ನಿಮಿಷಗಳಲ್ಲಿ ಸಡಿಲವಾಗುತ್ತದೆ. ಐಸೊಟ್ರೆಟಿನೊಯಿನ್ ಮೈಯನ್ನೆಲ್ಲ ಒಣಗಿಸುವುದರಿಂದ ಎಣ್ಣೆಯ ಕಡೆ ಕೈ ಹೋಗುವುದು ಸಹಜ. ನೀರಿನ ಆಧಾರದ ಜೆಲ್ ತನ್ನಿ. ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಿ, ಪ್ಯಾಂಟಿನ ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಬೇಡ. ಒಂದರ ಮೇಲೊಂದು ಎರಡು ಹಾಕಿದರೆ ಉಜ್ಜಿ ಬೇಗ ಹರಿಯುತ್ತವೆ.

ಪ್ರಶ್ನೆ: ಮಗುವಿಗೆ ನಾಲ್ಕು ತಿಂಗಳು, ಎದೆಹಾಲು ಕುಡಿಯುತ್ತಿದೆ. ಹೆರಿಗೆಯಾದಾಗಲೇ ವಂಕಿ ಹಾಕಿದ್ದಾರೆ. ಈಗ ಮುಖದ ತುಂಬ ಮೊಡವೆ. ಅಕ್ಕನ ಬಳಿ ಐಸೊಟ್ರೆಟಿನೊಯಿನ್ ಎರಡು ಸ್ಟ್ರಿಪ್ ಉಳಿದಿದೆ. ವಂಕಿ ಇದೆಯಲ್ಲ, ನುಂಗಬಹುದೇ?
— ಆರ್., ಜಗಳೂರು

ಉತ್ತರ: ಬೇಡ. ವಂಕಿ ತಡೆಯುವುದು ಮುಂದಿನ ಬಸಿರನ್ನು. ಕೊಬ್ಬಿನಲ್ಲಿ ಕರಗುವ ಈ ಔಷಧಿ ಎದೆಹಾಲಿಗೆ ಇಳಿದು ಈಗಿರುವ ಮಗುವಿಗೆ ಹೋಗಬಹುದು. ಹಾಲು ಬಿಡಿಸುವವರೆಗೆ ಮುಖಕ್ಕೆ ಹಚ್ಚುವುದರಲ್ಲೇ ನಿಭಾಯಿಸಿ. ರಾತ್ರಿ ಬೆನ್ಜಾಯಿಲ್ ಪೆರಾಕ್ಸೈಡ್ 2.5% ಜೆಲ್ ಅವರೆಕಾಳಿನಷ್ಟು ಇಡೀ ಮುಖಕ್ಕೆ ತೆಳ್ಳಗೆ, ಬೆಳಿಗ್ಗೆ ಅಜೆಲಾಯಿಕ್ ಆಮ್ಲದ ಕ್ರೀಮು. ಮೊದಲ ವಾರ ದಿನ ಬಿಟ್ಟು ದಿನ ಹಚ್ಚಿ, ಉರಿ ಕಡಿಮೆಯಿರುತ್ತದೆ. ಬೆನ್ಜಾಯಿಲ್ ಪೆರಾಕ್ಸೈಡ್ ದಿಂಬು, ಸೆರಗಿನ ಬಣ್ಣ ತಿನ್ನುತ್ತದೆ, ಬಿಳಿ ಬಟ್ಟೆ ಹಾಸಿ. ಹಚ್ಚಿದ ಕೆನ್ನೆ ಮಗುವಿನ ಮುಖಕ್ಕೆ ತಾಗದಿರಲಿ. "ಬೆಳ್ಳಗಾಗುವ ಕ್ರೀಮು" ಎಂದು ಅಂಗಡಿಯಲ್ಲಿ ಕೊಡುವ ಟ್ಯೂಬುಗಳಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಇರುತ್ತದೆ. ವಾರದಲ್ಲಿ ಮುಖ ಹೊಳೆದು ತಿಂಗಳಿಗೆ ಮೊಡವೆ ಇಮ್ಮಡಿಯಾಗುತ್ತದೆ.

ಮೊಡವೆ ಇಳಿಯಲೆಂದು ಮಾಲಾ-ಎನ್ ಶುರು ಮಾಡುವುದೂ ಈಗಲೇ ಬೇಡ. ಹಾಲುಣಿಸುವವರಿಗೆ ಆರು ತಿಂಗಳವರೆಗೆ ಅದನ್ನು ಕೊಡುವುದಿಲ್ಲ. ಅಕ್ಕನ ಎರಡು ಸ್ಟ್ರಿಪ್‌ಗಳನ್ನು ಅವರಿಗೆ ಬರೆದುಕೊಟ್ಟ ಡಾಕ್ಟರ ಕ್ಲಿನಿಕ್ಕಿಗೋ ಮೆಡಿಕಲ್ ಶಾಪಿಗೋ ಹಿಂದಿರುಗಿಸಿ. ಕೊಡುವ ಮೊದಲು ಹೆಸರು ಓದಿ. ಸೋರಿಯಾಸಿಸ್‌ಗೆ ಕೊಡುವ ಅಸಿಟ್ರೆಟಿನ್ ಎಂಬ ಇದರ ದಾಯಾದಿ ಔಷಧಿ ಇದೆ, ಹೆಸರು ಕಿವಿಗೆ ಒಂದೇ ಥರ ಕೇಳಿಸುತ್ತದೆ. ಅಕ್ಕ ನುಂಗಿದ್ದು ಅದಾಗಿದ್ದರೆ, ಔಷಧಿ ಬಿಟ್ಟ ಮೇಲೆ ಅವರು ಬಸಿರು ತಡೆಯಬೇಕಾದದ್ದು ಒಂದು ತಿಂಗಳಲ್ಲ, ಮೂರು ವರ್ಷ.